ಗುಳ್ಳೆಯ ಶ್ರುತಿ: ಸದ್ದಿನಿಂದ ಗಾತ್ರ ಅಳೆಯುವ ಬಗ್ಗೆ ಕಬಕದಿಂದ ಒಂದು ಟಿಪ್ಪಣಿ

ಕಬಕದಲ್ಲಿ ಮಾಣಿ–ಮೈಸೂರು ಹೆದ್ದಾರಿಯಿಂದ ವಿಟ್ಲದ ರಸ್ತೆ ಕವಲೊಡೆಯುತ್ತದೆ. ಆ ದಾರಿಯಲ್ಲಿ ವಿಟ್ಲ, ಅಡ್ಯನಡ್ಕ ದಾಟಿ ಗಡಿಯಾಚೆಯ ಪೆರ್ಲದವರೆಗೆ ಹೋದವರಿಗೆ ಎರಡು ಸಂಗತಿ ಪರಿಚಿತ: ತಗ್ಗಿನಲ್ಲಿ ಅಡಿಕೆ ತೋಟ, ಗುಡ್ಡದ ಮಗ್ಗುಲಲ್ಲಿ ನೀರಿಗಾಗಿ ಕೊರೆದ ಸುರಂಗ. ಸುರಂಗದ ನೀರು ಮೋಟಾರಿನ ಹಂಗಿಲ್ಲದೆ ತಾನಾಗಿ ಹರಿದು ಬರುತ್ತದೆ. ಅದನ್ನು ತೊಟ್ಟಿಗೋ ಕೆರೆಗೋ ತಲುಪಿಸಲು ಅಡಿಕೆ ಮರವನ್ನು ಸೀಳಿ, ತಿರುಳು ಕೆತ್ತಿ ತೆಗೆದು, ದಂಬೆ ಮಾಡಿ ಇಡುವುದು ರೂಢಿಯಾಗಿತ್ತು. ಈಗ ಹೆಚ್ಚಿನ ಕಡೆ ಪಿವಿಸಿ ಪೈಪು. ದಂಬೆಯ ತುದಿಯಿಂದ ನೀರು ಬೀಳುವಲ್ಲಿ ನಿಂತು ಕಿವಿಗೊಟ್ಟರೆ ಸದ್ದು ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ತಳದಲ್ಲಿ ದಪ್ಪ ಗುಳುಗುಳು, ಅದರ ಮೇಲೆ ತೆಳು ಜುಳುಜುಳು, ನಡುನಡುವೆ ಒಂಟಿ ಟಿಣ್.

ಈ ಟಿಪ್ಪಣಿಯ ಪ್ರಶ್ನೆ ಇಷ್ಟೆ: ಆ ಸದ್ದನ್ನು ಕೇಳಿ ನೀರೊಳಗಿನ ಗುಳ್ಳೆ ಎಷ್ಟು ದೊಡ್ಡದೆಂದು ಹೇಳಬಹುದೇ? ಗುಳ್ಳೆ ಒಂಟಿಯಾಗಿದ್ದರೆ ಹೇಳಬಹುದು, ಆಶ್ಚರ್ಯವಾಗುವಷ್ಟು ನಿಖರವಾಗಿ. ಗುಂಪಿನ ವಿಷಯ ಬೇರೆ. ಅಲ್ಲಿ ಸದ್ದು ಬಹುಪಾಲು ಹೇಳುವುದು ದ್ರವದಲ್ಲಿ ಒಟ್ಟು ಗಾಳಿ ಎಷ್ಟಿದೆ ಎಂಬುದನ್ನು; ಅದು ಎಷ್ಟು ಗುಳ್ಳೆಗಳಲ್ಲಿ ಹಂಚಿಹೋಗಿದೆ, ಒಂದೊಂದರ ಗಾತ್ರವೇನು ಎಂಬುದನ್ನು ಹೇಳಿಸಲು ಬೇರೆ ಉಪಾಯ ಬೇಕು. ಈ ಎರಡನ್ನು ಬೆರೆಸಿಕೊಳ್ಳುವುದು ಸುಲಭ. ನಾನೂ ಬೆರೆಸಿಕೊಂಡವನೇ, ಲಿಂಬೆ ಸೋಡಾದ ಲೋಟ ಮುಂದಿಟ್ಟುಕೊಂಡು ಒಂದು ಇಡೀ ಸಂಜೆ ತಪ್ಪು ಲೆಕ್ಕ ಹಾಕಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಗುಳ್ಳೆಯ ಗಾತ್ರಕ್ಕೂ ಸದ್ದಿಗೂ ನಂಟಿದೆ ಎಂಬುದು ನಮ್ಮ ನುಡಿಗೆ ಮೊದಲೇ ಗೊತ್ತಿದ್ದಂತಿದೆ. ಕಿರಿದಾದ ಕೊರಳಿನ ಹೂಜಿ ಬಗ್ಗಿಸಿದರೆ ನೀರು ಬುಡುಬುಡು ಎನ್ನುತ್ತದೆ. ಹುಕ್ಕಾಕ್ಕೆ ಅದರ ಗುಳ್ಳೆಯ ಸದ್ದೇ ಹೆಸರಾಗಿ ಗುಡುಗುಡಿ. ತೋಡಿನ ನೀರಿಗೆ ಜುಳುಜುಳು, ಹನಿಗೆ ಟಿಣ್. ಗುಳ್ಳೆ ದೊಡ್ಡದಾದಲ್ಲಿ ಬ, ಗ, ಡ, ಸಣ್ಣದಾದಲ್ಲಿ ಇಕಾರ. ಇದನ್ನು ಸಿದ್ಧಾಂತವೆಂದು ಮಂಡಿಸುತ್ತಿಲ್ಲ, ಭಾಷಾಶಾಸ್ತ್ರದವರು ಕೋಪಿಸಿಕೊಂಡಾರು.

ಗಾತ್ರಕ್ಕೂ ಸದ್ದಿಗೂ ಇರುವ ಈ ನಂಟಿಗೆ ಸೂತ್ರ ಸಿಕ್ಕಿದ್ದು 1933ರಲ್ಲಿ. ಬೆಲ್ಜಿಯಂನಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನೆಲೆಸಿದ್ದ ಮಾರ್ಸೆಲ್ ಮಿನಾರ್ಟ್ ವೃತ್ತಿಯಲ್ಲಿ ಖಗೋಳಜ್ಞ, ಸೂರ್ಯನ ರೋಹಿತದ ಪರಿಣತ. ಬಯಲಿನಲ್ಲಿ ಕಣ್ಣಿಗೆ ಬೀಳುವ ಬೆಳಕು ಬಣ್ಣಗಳ ಬಗ್ಗೆ ಇಡೀ ಪುಸ್ತಕ ಬರೆದ ಈತನಿಗೆ ಹರಿಯುವ ನೀರೇಕೆ ಹಾಡುತ್ತದೆ ಎಂಬ ಕುತೂಹಲವೂ ಹುಟ್ಟಿತು. ಗಾಳಿಗುಳ್ಳೆಗಳ ನಾದದ ಕುರಿತ ಅವರ ಲೇಖನ 'ಫಿಲಸಾಫಿಕಲ್ ಮ್ಯಾಗಝಿನ್' ಪತ್ರಿಕೆಯಲ್ಲಿ ಬಂತು. ಅದೇ ಪತ್ರಿಕೆಯಲ್ಲಿ 13 ವರ್ಷ ಮೊದಲು, 1920ರಲ್ಲಿ, ಸಿ.ವಿ. ರಾಮನ್ ಮತ್ತು ಅಶುತೋಷ್ ಡೇ ನೀರಿಗೆ ವಸ್ತು ಬಿದ್ದಾಗ ಏಳುವ ಸದ್ದಿನ ಮೇಲೆ ಎರಡು ಮೂರು ಪುಟದ ಲೇಖನ ಬರೆದಿದ್ದರು. ರಾಮನ್ ಆಗ ಕೋಲ್ಕತ್ತದಲ್ಲಿದ್ದರು, ತಬಲಾ, ಮೃದಂಗ, ವೀಣೆಗಳ ಸದ್ದಿನಲ್ಲಿ ಮುಳುಗಿದ್ದ ಕಾಲ ಅದು. ಮಿನಾರ್ಟ್ ಲೇಖನ ಅಚ್ಚಾದ ವರ್ಷವೇ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ನೀರಿನ ಸದ್ದಿನ ಬೆನ್ನು ಹತ್ತುವಲ್ಲಿ ನಮ್ಮವರು ತಡವಾಗಿರಲಿಲ್ಲ ಎಂಬಷ್ಟಕ್ಕೆ ಈ ಮಾತು.

ಮಿನಾರ್ಟ್ ಕಂಡುಕೊಂಡದ್ದನ್ನು ಹೀಗೆ ಹೇಳಬಹುದು. ಗುಳ್ಳೆಯೊಳಗಿನ ಗಾಳಿ ಒಂದು ಸ್ಪ್ರಿಂಗ್. ಅದನ್ನು ಸುತ್ತುವರಿದ ನೀರು ಆ ಸ್ಪ್ರಿಂಗಿಗೆ ಕಟ್ಟಿದ ಭಾರ. ಗುಳ್ಳೆ ಹುಟ್ಟುವ ಕ್ಷಣದಲ್ಲಿ, ಅಂದರೆ ಮೇಲಿನ ಗಾಳಿಯಿಂದಲೋ ನಳಿಗೆಯ ಬಾಯಿಂದಲೋ ಅದು ಕಡಿದು ಬೇರೆಯಾಗುವಾಗ, ಈ ಸ್ಪ್ರಿಂಗಿಗೆ ಒಂದು ಪೆಟ್ಟು ಬೀಳುತ್ತದೆ. ಗುಳ್ಳೆ ಕುಗ್ಗುತ್ತದೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಸ್ಪ್ರಿಂಗಿನ ಬಿಗಿ ನಿಂತಿರುವುದು ಸುತ್ತಲಿನ ಒತ್ತಡದ ಮೇಲೆ. ಭಾರ ನಿಂತಿರುವುದು ದ್ರವದ ಸಾಂದ್ರತೆ ಮತ್ತು ಗುಳ್ಳೆಯ ಗಾತ್ರದ ಮೇಲೆ. ಲೆಕ್ಕ ಬಿಡಿಸಿದರೆ ಆವೃತ್ತಿಯು ತ್ರಿಜ್ಯಕ್ಕೆ ವಿಲೋಮ, ಒತ್ತಡದ ವರ್ಗಮೂಲಕ್ಕೆ ಅನುಲೋಮ. ನಮ್ಮ ಊರಿನ ತಗ್ಗುಪ್ರದೇಶದ ವಾಯುಒತ್ತಡಕ್ಕೆ, ನೀರಿನಲ್ಲಿರುವ ಗಾಳಿಗುಳ್ಳೆಗೆ, ನೆನಪಿಡಬೇಕಾದ ಅಂಕಿ ಒಂದೇ: ತ್ರಿಜ್ಯವನ್ನು ಮಿಲಿಮೀಟರಿನಲ್ಲೂ ಆವೃತ್ತಿಯನ್ನು ಕಿಲೋಹರ್ಟ್ಸ್‌ನಲ್ಲೂ ಬರೆದು ಗುಣಿಸಿದರೆ ಸುಮಾರು 3.3.

ಹಾಗಾಗಿ 1 ಮಿ.ಮೀ. ತ್ರಿಜ್ಯದ ಗುಳ್ಳೆ 3,300 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಗುಡುಗುಡಿಯಲ್ಲಿ ಏಳುವಂಥ 5 ಮಿ.ಮೀ. ತ್ರಿಜ್ಯದ್ದು 660ರಲ್ಲಿ. ಕಿವಿಗೆ ಕೇಳುವ ಸದ್ದಿನ ಮೇಲಂಚು ಸುಮಾರು 20,000 ಹರ್ಟ್ಸ್. ಆದ್ದರಿಂದ 0.16 ಮಿ.ಮೀ.ಗಿಂತ ಸಣ್ಣ ತ್ರಿಜ್ಯದ ಗುಳ್ಳೆ ಎಷ್ಟೇ ಹಾಡಿದರೂ ನಮಗೆ ಮೌನವೇ. ಮೊಬೈಲಿನ ಮೈಕಿಗೂ ಅಷ್ಟೇ. ಅದು ಧ್ವನಿಯನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ತುಂಡರಿಸಿ ದಾಖಲಿಸುವ ಸಾಧನ, ಅದರ ಅರ್ಧಕ್ಕಿಂತ ಮೇಲಿನ ಆವೃತ್ತಿ ಅದಕ್ಕೆ ದಕ್ಕುವುದಿಲ್ಲ.

ಒತ್ತಡದ ಮಾತಿಗೆ ಹೆದ್ದಾರಿಯೇ ಒಳ್ಳೆಯ ಉದಾಹರಣೆ. ಕಬಕದಿಂದ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಘಾಟಿ ಹತ್ತಿದರೆ ಮಡಿಕೇರಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ವಾಯುಒತ್ತಡ ಕಬಕಕ್ಕಿಂತ ಸುಮಾರು ಶೇ. 12 ಕಡಿಮೆ. ವರ್ಗಮೂಲ ತೆಗೆದರೆ ಗುಳ್ಳೆಯ ಆವೃತ್ತಿ ಶೇ. 6ರಷ್ಟು ಇಳಿಯುತ್ತದೆ. ಕರ್ನಾಟಕ ಸಂಗೀತ ಬಲ್ಲವರ ಮಾತಿನಲ್ಲಿ ಹೇಳುವುದಾದರೆ, ಕಬಕದಲ್ಲಿ ಶುದ್ಧ ಋಷಭದಲ್ಲಿ ಮಿಡಿದ ಅದೇ ಗಾತ್ರದ ಗುಳ್ಳೆ ಮಡಿಕೇರಿಯಲ್ಲಿ ಷಡ್ಜಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಒಂದು ಸ್ವರಸ್ಥಾನ. ಆಳಕ್ಕೆ ಹೋದರೆ ಇದರ ತಿರುಗುಮುರುಗು. 10 ಮೀಟರ್ ನೀರಿನ ಬಾವಿಯ ತಳದಲ್ಲಿ ಒತ್ತಡ ಮೇಲಿನ ಇಮ್ಮಡಿ. ಅಲ್ಲಿ ಗುಳ್ಳೆ ಕುಗ್ಗಿಯೂ ಇರುತ್ತದೆ, ಬಿಗಿಯಾಗಿಯೂ ಇರುತ್ತದೆ. ಎರಡೂ ಸೇರಿ ಅದರ ಶ್ರುತಿ ಮೇಲೆ ಬಂದಾಗಿನದಕ್ಕಿಂತ 1.8 ಪಟ್ಟಿನಷ್ಟು ಏರಿರುತ್ತದೆ. ಆಳ ಬರೆದಿಡದೆ ಸದ್ದು ಮಾತ್ರ ದಾಖಲಿಸಿದರೆ ಗಾತ್ರದ ಲೆಕ್ಕಕ್ಕೆ ಅದರಿಂದ ಪ್ರಯೋಜನವಿಲ್ಲ.

ಗುಳ್ಳೆ ಸರಿಯಾದ ಗುಂಡಗೆ ಇಲ್ಲದಿದ್ದರೆ? ಈ ಅನುಮಾನ ಯಾರಿಗಾದರೂ ಬರುವಂಥದ್ದೇ, ಏಕೆಂದರೆ ಏಳುವ ಗುಳ್ಳೆ ಚಪ್ಪಟೆಯಾಗುವುದನ್ನು ಕಣ್ಣಾರೆ ಕಾಣುತ್ತೇವೆ. ಅಮೆರಿಕದ ಎಂ. ಸ್ಟ್ರಾಸ್‌ಬರ್ಗ್ 1953ರಲ್ಲಿ ಇದನ್ನು ಲೆಕ್ಕ ಹಾಕಿದರು. ಗುಳ್ಳೆಯ ಉದ್ದ ಅಗಲದ ಇಮ್ಮಡಿಯಾದರೂ, ಗಾಳಿಯ ಪ್ರಮಾಣ ಅಷ್ಟೇ ಇದ್ದರೆ, ಆವೃತ್ತಿ ಬದಲಾಗುವುದು ಶೇ. 2ರಷ್ಟು ಮಾತ್ರ. ಆಕಾರ ಕ್ಷಮಿಸುತ್ತದೆ, ನೆರೆಹೊರೆ ಕ್ಷಮಿಸುವುದಿಲ್ಲ. ಗಡುಸಾದ ಗೋಡೆಗೆ ತಾಗಿಕೊಂಡ ಗುಳ್ಳೆಯ ಶ್ರುತಿ ನಡುನೀರಿನಲ್ಲಿರುವುದಕ್ಕಿಂತ ಶೇ. 17 ಇಳಿಯುತ್ತದೆ. ಅದನ್ನು ಗಮನಿಸದೆ 3.3ರ ಲೆಕ್ಕ ಹಾಕಿದರೆ ತ್ರಿಜ್ಯ ಶೇ. 20ರಷ್ಟು ದೊಡ್ಡದಾಗಿ ಕಾಣುತ್ತದೆ, ಗಾತ್ರಫಲ ಶೇ. 70ಕ್ಕಿಂತ ಹೆಚ್ಚು ಉಬ್ಬುತ್ತದೆ. ತೊಟ್ಟಿಯ ಸಿಮೆಂಟು ಗೋಡೆಯ ಪಕ್ಕ, ಬಾಟಲಿಯ ಗಾಜಿನ ಮೇಲೆ, ಲೋಟದ ತಳದಲ್ಲಿ ಮಾಡುವ ಅಳತೆಗಳಲ್ಲೆಲ್ಲ ಈ ದೋಷ ಕಾದು ಕುಳಿತಿರುತ್ತದೆ.

ಇನ್ನು ಹನಿ. ರಾತ್ರಿ ನಲ್ಲಿಯಿಂದ ಬಕೆಟಿಗೆ ಬೀಳುವ ಹನಿಯ ಟಿಣ್ ನಿದ್ದೆಗೆಡಿಸುವಷ್ಟು ಚೊಕ್ಕವಾದ ಸ್ವರ. ಹನಿ ನೀರಿಗೆ ಬಡಿದದ್ದರಿಂದ ಆ ಸದ್ದು ಎಂದು ಬಹಳ ಕಾಲ ನಂಬಲಾಗಿತ್ತು. ನಡೆಯುವುದು ಬೇರೆ. ಹನಿ ಬಿದ್ದಾಗ ನೀರಿನ ಮೇಲೆ ಗುಳಿಯೊಂದು ಬೀಳುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ತಳದಲ್ಲಿ ಚಿಟಿಕೆ ಗಾಳಿ ಸಿಕ್ಕಿಬಿದ್ದು ಗುಳ್ಳೆಯಾಗುತ್ತದೆ. ಹಾಡುವುದು ಆ ಗುಳ್ಳೆ. ಇದು 20ನೇ ಶತಮಾನದಲ್ಲೇ ಗೊತ್ತಾಗಿತ್ತು. ನೀರೊಳಗಿನ ಆ ಸದ್ದು ಗಾಳಿಗೆ ಇಷ್ಟು ಜೋರಾಗಿ ಹೇಗೆ ದಾಟುತ್ತದೆ ಎಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರವಾಲ್ ಮತ್ತು ಸಂಗಡಿಗರು 2018ರಲ್ಲಿ ತೀವ್ರವೇಗದ ಕ್ಯಾಮರಾ, ಮೈಕ್, ಹೈಡ್ರೋಫೋನ್ (ನೀರೊಳಗಿನ ಮೈಕ್) ಇಟ್ಟು ತೋರಿಸಿದರು: ಗುಳ್ಳೆ ಮಿಡಿಯುವಾಗ ಅದರ ಮೇಲಿನ ನೀರಿನ ಮೈಯೂ ಕೂಡಿ ಮಿಡಿಯುತ್ತದೆ, ಡೋಲಿನ ಚರ್ಮದಂತೆ. ಅವರು ಹೇಳಿದ ಮದ್ದು ಅಡುಗೆಮನೆಯಲ್ಲೇ ಇದೆ. ಬಕೆಟಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಸ್ವಲ್ಪ ಬೆರೆಸಿದರೆ ನೀರಿನ ಮೇಲ್ಮೈ ಸೆಳೆತ ಇಳಿದು, ಗಾಳಿ ಸಿಕ್ಕಿಬೀಳದೆ, ಟಿಣ್ ನಿಂತುಹೋಗುತ್ತದೆ. ಹನಿ ಬೀಳುವುದು ನಿಂತಿಲ್ಲ, ಬಡಿಯುವುದು ನಿಂತಿಲ್ಲ, ಸದ್ದಿಲ್ಲ. ಗುಳ್ಳೆಯೇ ಗಾಯಕ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪುರಾವೆ ನನಗೆ ತಿಳಿದಿಲ್ಲ.

ಮಳೆಗೂ ಇದೇ ನ್ಯಾಯ, ಆದರೆ ಒಂದು ತಮಾಷೆಯ ತಿರುವಿನೊಂದಿಗೆ. ಹಗುರ ಮಳೆಯಲ್ಲಿ 0.8ರಿಂದ 1.1 ಮಿ.ಮೀ. ವ್ಯಾಸದ ಸಣ್ಣ ಹನಿಗಳು ಪ್ರತಿಸಲವೂ ತಪ್ಪದೆ ಒಂದು ಗುಳ್ಳೆಯನ್ನು ನೀರೊಳಗೆ ಬಿಡುತ್ತವೆ. ಆ ಗುಳ್ಳೆಗಳ ತ್ರಿಜ್ಯ 0.22 ಮಿ.ಮೀ. ಆಸುಪಾಸು, ಸದ್ದು 15 ಕಿಲೋಹರ್ಟ್ಸ್ ಆಸುಪಾಸು. ಕೆರೆಯೊಳಗೆ ಹೈಡ್ರೋಫೋನ್ ಇಳಿಸಿದರೆ ಸೋನೆ ಮಳೆ ಕೀರಲು ಸ್ವರದ ಒಂದು ಶಿಖರವಾಗಿ ಎದ್ದು ಕಾಣುತ್ತದೆ. ಅದಕ್ಕಿಂತ ತುಸು ದೊಡ್ಡ ಹನಿಗಳು ಗುಳ್ಳೆ ಕಟ್ಟುವುದಿಲ್ಲ. ಇನ್ನೂ ದಪ್ಪ ಹನಿಗಳು ಮತ್ತೆ ಕಟ್ಟುತ್ತವೆ, ಆದರೆ ಅವು ದೊಡ್ಡ ಗುಳ್ಳೆಗಳು, ಕೆಳಗಿನ ಸ್ವರ. ಆಟಿ ತಿಂಗಳ ಜಡಿಮಳೆಯಲ್ಲಿ ತೋಟದ ಕೆರೆಯ ಒಳಗೆ ಕೇಳುವುದು ಈ ಎಲ್ಲದರ ಕಲಸುಮೇಲೋಗರ. ಮಳೆಯ ಹನಿಗಾತ್ರವನ್ನೂ ತೀವ್ರತೆಯನ್ನೂ ನೀರೊಳಗಿನ ಸದ್ದಿನಿಂದ ಅಂದಾಜು ಮಾಡುವ ಸಮುದ್ರವಿಜ್ಞಾನದ ವಿಧಾನ ನಿಂತಿರುವುದು ಇದರ ಮೇಲೆಯೇ.

ಇಲ್ಲೊಂದು ಎಚ್ಚರಿಕೆ. ನಲ್ಲಿಯಡಿ ಕೊಡ ತುಂಬುವಾಗ ಸ್ವರ ಮೇಲೇರುತ್ತ ಹೋಗುವುದನ್ನು ಕೇಳಿ, ಹಿತ್ತಲಲ್ಲಿದ್ದವರೂ ಕೊಡ ತುಂಬಿತೆಂದು ಓಡಿ ಬರುತ್ತಾರೆ. ಏರುವ ಆ ಸ್ವರ ಗುಳ್ಳೆಯದಲ್ಲ. ನೀರಿನ ಮೇಲೆ ಉಳಿದ ಗಾಳಿಯ ಕಂಬ ಗಿಡ್ಡವಾಗುತ್ತ ಬಂದದ್ದರ ಗುರುತು. ಗೋಲಿ ಸೋಡಾದ ಗೋಲಿ ಒಳಗೆ ತಳ್ಳಿದಾಗಿನ ಠಸ್ಸೂ ಗುಳ್ಳೆಯದಲ್ಲ, ಅದು ಕೊರಳಲ್ಲಿ ಬಿಗಿಹಿಡಿದಿದ್ದ ಅನಿಲ ನುಗ್ಗಿದ ಸದ್ದು.

ಸೋಡಾದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮೂರಿನ ಮಟ್ಟಿಗೆ ಗುಳ್ಳೆ ಒಂದು ವ್ಯಾಪಾರದ ಸರಕೂ ಹೌದು. ಹಿರಾಮ್ ಕಾಡ್ ಎಂಬ ಇಂಗ್ಲಿಷಿನವ 1872ರಲ್ಲಿ ಪೇಟೆಂಟ್ ಪಡೆದ ಗೋಲಿಯ ಬಾಟಲಿ ಅವನ ನಾಡಿನಲ್ಲಿ ಕಣ್ಮರೆಯಾದರೂ ಇಲ್ಲಿ ಉಳಿಯಿತು. ನರಿಮೊಗರಿನ ಬಿಂದು ಜೀರಾದಂಥ ಪೇಯಗಳು ಪುತ್ತೂರಿನ ಗುಳ್ಳೆಯನ್ನು ದೂರದೂರಿಗೆ ಒಯ್ದಿವೆ. ಸೋಡಾದ ಗುಳ್ಳೆಯೊಳಗಿರುವುದು ಇಂಗಾಲದ ಡೈಆಕ್ಸೈಡ್. ಅದರ ಸ್ಪ್ರಿಂಗು ಗಾಳಿಯದಕ್ಕಿಂತ ಕೊಂಚ ಸಡಿಲ, ಹಾಗಾಗಿ 3.3 ಇದ್ದಲ್ಲಿ 3.2 ಎಂದು ತಿದ್ದಿಕೊಂಡರೆ ಸಾಕು. ತೊಡಕು ಇರುವುದು ಬೇರೆ ಕಡೆ. ಗಾಜಿನ ಒರಟು ಜಾಗದಲ್ಲಿ, ಒರೆಸಿದ ಬಟ್ಟೆಯ ಎಳೆಯಲ್ಲಿ ಕುಳಿತು ನಿಧಾನ ಬೆಳೆಯುವ ಗುಳ್ಳೆಗೆ ಯಾರೂ ಪೆಟ್ಟು ಕೊಡುವುದಿಲ್ಲ, ಆದ್ದರಿಂದ ಅದು ಬೆಳೆಯುವಾಗ ಹಾಡುವುದಿಲ್ಲ. ಕಳಚಿಕೊಳ್ಳುವ ಕ್ಷಣದಲ್ಲಿ ಮಿಡಿಯುತ್ತದೆ, ಅದೂ ಕೆಲವೇ ಮಿಲಿಸೆಕೆಂಡು. ನಮ್ಮ ಕಿವಿಗೆ ಬರುವ ಸ್‌ಸ್ ಎಂಬ ಸದ್ದಿನ ದೊಡ್ಡ ಪಾಲು ಗುಳ್ಳೆಗಳು ಮೇಲೆ ಬಂದು ಒಡೆಯುವುದರದ್ದು. ಒಡೆಯುವ ಗುಳ್ಳೆ ಬಾಯಿ ತೆರೆದ ಪುಟ್ಟ ಮಡಕೆಯಂತೆ ಗಾಳಿಯಲ್ಲಿ ಮೊಳಗುತ್ತದೆ; ಅದರ ಲೆಕ್ಕ ಮಿನಾರ್ಟ್ ಸೂತ್ರದ್ದಲ್ಲ. ಸೋಡಾದ ಮೇಲೆ ಮೊಬೈಲು ಹಿಡಿದು, ಸಿಕ್ಕಿದ ಆವೃತ್ತಿಯಿಂದ 3.2ನ್ನು ಭಾಗಿಸಿ ಗುಳ್ಳೆಯ ತ್ರಿಜ್ಯ ಇಷ್ಟೆಂದು ಬರೆದರೆ ಅದು ತಪ್ಪು. ಒಳಗೆ ಹೈಡ್ರೋಫೋನ್ ಇಳಿಸಿ ಕೇಳಬೇಕು. ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರೆಸ್ಟನ್ ವಿಲ್ಸನ್ ಮತ್ತು ಸಂಗಡಿಗರು ಶಾಂಪೇನಿನ ಗುಳ್ಳೆಗಳನ್ನು ಕೇಳಿದ್ದು ಹಾಗೆಯೇ.

ಈಗ ನನ್ನ ಲಿಂಬೆ ಸೋಡಾದ ಕಥೆ. ಲೋಟಕ್ಕೆ ಸೋಡಾ ಹೊಯ್ದು, ಲಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿದರೆ ಉಪ್ಪಿನ ಕಣಗಳ ಸುತ್ತ ಗುಳ್ಳೆಗಳು ಮುತ್ತಿ ನೊರೆ ಉಕ್ಕುತ್ತದೆ. ಆ ಹೊತ್ತಿಗೆ ಲೋಟದ ತಳಭಾಗಕ್ಕೆ ಚಮಚದಿಂದ ಬಡಿದರೆ ಟಿಣ್ ಎನ್ನಬೇಕಾದ ಲೋಟ ದಬ್ ಎನ್ನುತ್ತದೆ. ಬಡಿಯುತ್ತಲೇ ಇದ್ದರೆ ದಬ್ ನಿಧಾನವಾಗಿ ಮೇಲೇರಿ ಟಿಣ್‌ಗೆ ಮರಳುತ್ತದೆ. ದೊಡ್ಡ ಗುಳ್ಳೆಗೆ ತಗ್ಗು ಸ್ವರ, ಸಣ್ಣದಕ್ಕೆ ಎತ್ತರದ ಸ್ವರ ಎಂದು ಕಲಿತವನು ನಾನು; ಹಾಗಾದರೆ ಗುಳ್ಳೆಗಳು ಮೊದಲು ದೊಡ್ಡದಿದ್ದು ಆಮೇಲೆ ಸಣ್ಣದಾದವು ಎಂದು ಬರೆದುಕೊಂಡೆ. ಕಣ್ಣಿಗೆ ಕಾಣುತ್ತಿದ್ದುದು ಇದಕ್ಕೆ ತದ್ವಿರುದ್ಧ. ಕಣ್ಣನ್ನು ನಂಬದೆ ಸೂತ್ರವನ್ನು ನಂಬಿದ್ದು ತಪ್ಪು.

ಬಡಿದ ಸ್ವರ ಹೀಗೆ ತಗ್ಗಿ ಮತ್ತೆ ಮೇಲೇರುವುದಕ್ಕೆ ಭೌತವಿಜ್ಞಾನದಲ್ಲಿ ಬಿಸಿ ಚಾಕಲೇಟಿನ ಪರಿಣಾಮ ಎಂದು ಹೆಸರು. ಅಮೆರಿಕದ ಫ್ರಾಂಕ್ ಕ್ರಾಫರ್ಡ್ 1982ರಲ್ಲಿ ಇದನ್ನು ವಿವರಿಸಿದರು. 1986ರಿಂದ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ ಇರುವ ಪುತ್ತೂರಿನಲ್ಲಿ ಈ ಹೆಸರು ಹೊಸದೆನಿಸಬಾರದು, ಕೋಕೋ ಪುಡಿ ನಮ್ಮ ಅಡುಗೆಮನೆಗಳಲ್ಲೇ ಇದೆ. ಬಿಸಿನೀರಿಗೆ ಪುಡಿ ಹಾಕಿ ಚೆನ್ನಾಗಿ ಕಲಕಿ, ಚಮಚದಿಂದ ಕಪ್ಪಿನ ತಳಕ್ಕೆ ಒಂದೇ ಸಮನೆ ಬಡಿಯುತ್ತ ಹೋಗಿ. ಸ್ವರ ಏರುವುದು ಕೇಳುತ್ತದೆ. ಕಾರಣ ಹೀಗೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿ 340. ಎರಡನ್ನೂ ಬೆರೆಸಿದರೆ ವೇಗ ಇವೆರಡರ ನಡುವೆ ಎಲ್ಲೋ ನಿಲ್ಲಬೇಕೆಂದು ಯಾರಾದರೂ ಊಹಿಸುತ್ತಾರೆ. ನಿಲ್ಲುವುದಿಲ್ಲ. ಸಾವಿರದಲ್ಲಿ ಒಂದು ಪಾಲು ಗಾಳಿ ಸೇರಿದರೆ ವೇಗ 360 ಮೀಟರಿಗೆ ಕುಸಿಯುತ್ತದೆ. ನೂರರಲ್ಲಿ ಒಂದು ಪಾಲಾದರೆ 120ಕ್ಕೆ, ಗಾಳಿಯಲ್ಲಿರುವುದಕ್ಕಿಂತಲೂ ಕಡಿಮೆ. ಮಿಶ್ರಣಕ್ಕೆ ನೀರಿನ ಭಾರವಿದೆ, ಗಾಳಿಯ ಮೆತ್ತನೆಯಿದೆ. ಭಾರವೂ ಮೆತ್ತಗೂ ಆದದ್ದರಲ್ಲಿ ಸದ್ದು ತೆವಳುತ್ತದೆ. ಎ.ಬಿ. ವುಡ್ 1930ರ ತಮ್ಮ ಧ್ವನಿಶಾಸ್ತ್ರದ ಪಠ್ಯದಲ್ಲಿ ಈ ಲೆಕ್ಕ ಕೊಟ್ಟಿದ್ದಾರೆ. 8 ಸೆಂ.ಮೀ. ಎತ್ತರದ ದ್ರವದ ಕಂಬ ಬರೀ ನೀರಾಗಿದ್ದರೆ 4,700 ಹರ್ಟ್ಸ್‌ನಲ್ಲಿ ಮೊಳಗಬೇಕು, ಶೇ. 1 ಗಾಳಿ ಬೆರೆತರೆ 375ರಲ್ಲಿ. ಮೂರು ಸ್ಥಾಯಿಗಿಂತ ಹೆಚ್ಚಿನ ಇಳಿತ. ಗುಳ್ಳೆಗಳು ಮೇಲೆ ಬಂದು ಹೊರಟುಹೋದಂತೆ ವೇಗ ಮರಳುತ್ತದೆ, ಸ್ವರ ಏರುತ್ತದೆ.

ವುಡ್ ಸೂತ್ರದಲ್ಲಿ ಗುಳ್ಳೆಯ ತ್ರಿಜ್ಯ ಎಂಬ ಪದವೇ ಇಲ್ಲ. ಈ ಟಿಪ್ಪಣಿಯಲ್ಲಿ ಓದುಗರು ಒಂದನ್ನೇ ನೆನಪಿಡುವುದಾದರೆ ಇದನ್ನಿಡಲಿ. ಗುಳ್ಳೆಗಳ ಸ್ವಂತ ಶ್ರುತಿಗಿಂತ ಬಹಳ ಕೆಳಗಿನ ಸ್ವರದಲ್ಲಿ ಬಡಿದು ಕೇಳಿದಾಗ ನೂರು ದೊಡ್ಡ ಗುಳ್ಳೆಗಳೂ ಲಕ್ಷ ಸಣ್ಣ ಗುಳ್ಳೆಗಳೂ, ಒಟ್ಟು ಗಾಳಿ ಒಂದೇ ಆಗಿದ್ದರೆ, ಒಂದೇ ಉತ್ತರ ಕೊಡುತ್ತವೆ. ಗಾತ್ರ ಬೇಕೆಂದರೆ ಹಿಂಬಾಗಿಲಿನಿಂದ ಹೋಗಬೇಕು: ಸ್ವರ ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು. ಸಣ್ಣ ಗುಳ್ಳೆ ನಿಧಾನ ಏಳುತ್ತದೆ. ಸಾಧಾರಣ ಉಷ್ಣತೆಯ ನೀರಿನಲ್ಲಿ 0.1 ಮಿ.ಮೀ. ವ್ಯಾಸದ ಗುಳ್ಳೆ ಸೆಕೆಂಡಿಗೆ ಸುಮಾರು 5 ಮಿ.ಮೀ. ಏರುತ್ತದೆ, ಅಂದರೆ 8 ಸೆಂ.ಮೀ. ಏರಲು 15 ಸೆಕೆಂಡು. ವ್ಯಾಸ ಇಮ್ಮಡಿಯಾದರೆ ನಾಲ್ಕೈದು ಸೆಕೆಂಡು ಸಾಕು. ಒರಟು ಅಂದಾಜು, ಆದರೆ ನನ್ನ ಮೊದಲ ಲೆಕ್ಕದಂತೆ ತಲೆಕೆಳಗಲ್ಲ.

ಇಷ್ಟು ಪಡಿಪಾಟಲು ಏಕೆ, ಗಾಜಿನ ಲೋಟವಾದರೆ ಭೂತಗನ್ನಡಿ ಹಿಡಿದು ನೋಡಬಹುದಲ್ಲ ಎಂದು ಕೇಳಿದರೆ ಸುಳ್ಯ, ಕಡಬದ ಕಡೆಯ ರಬ್ಬರ್ ಬೆಳೆಗಾರರನ್ನು ತೋರಿಸಬೇಕು. ಬೆಳಗಿನ ಟ್ಯಾಪಿಂಗ್ ಮುಗಿಸಿ ತಂದ ರಬ್ಬರ್ ಹಾಲನ್ನು ಸೋಸಿ, ನೀರು ಬೆರೆಸಿ, ಟ್ರೇಗಳಿಗೆ ಹೊಯ್ದು, ಆ್ಯಸಿಡ್ ಹಾಕಿ ಕಲಕುತ್ತಾರೆ. ಕಲಕಿದಾಗ ಎದ್ದ ನೊರೆಯನ್ನು ಹಾಲು ಗಟ್ಟಿಯಾಗುವ ಮುನ್ನ ಮೇಲಿಂದ ಬಾಚಿ ತೆಗೆಯಬೇಕು. ತೆಗೆಯದೆ ಬಿಟ್ಟರೆ ಗುಳ್ಳೆಗಳು ಅಲ್ಲೇ ಹೆಪ್ಪುಗಟ್ಟಿ, ರೋಲರಿನಲ್ಲಿ ಒತ್ತಿ ಹೊಗೆಗೆ ಹಾಕಿದ ಮೇಲೆ ಶೀಟಿನಲ್ಲಿ ಚುಕ್ಕೆಗಳಾಗಿ ಉಳಿಯುತ್ತವೆ, ಗ್ರೇಡ್ ಬೀಳುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಆರ್‌ಎಸ್‌ಎಸ್ (ರಿಬ್ಡ್ ಸ್ಮೋಕ್ಡ್ ಶೀಟ್) ಒಂದನೇ ದರ್ಜೆಗೆ ಗುಂಡುಸೂಜಿಯ ತಲೆಯಷ್ಟು ಸಣ್ಣ ಗುಳ್ಳೆಗಳು ಅಲ್ಲೊಂದು ಇಲ್ಲೊಂದು ಇದ್ದರೆ ಆಕ್ಷೇಪವಿಲ್ಲ ಎಂದಿದೆ. ಗುಂಡುಸೂಜಿಯ ತಲೆ ಎಂಬುದು ಅಲ್ಲಿ ಅಳತೆಯ ಮಾನ. ವ್ಯಾಸ ಒಂದೂವರೆ ಮಿಲಿಮೀಟರೆಂದು ಹಿಡಿದರೆ, ದ್ರವಸ್ಥಿತಿಯ ಹಾಲಿನಲ್ಲಿ ಅದರ ಶ್ರುತಿ 4,400 ಹರ್ಟ್ಸ್ ಆಸುಪಾಸು ಬೀಳುತ್ತದೆ. ಬೆಳ್ಳಗಿನ ಹಾಲಿನೊಳಕ್ಕೆ ಬೆಳಕು ಹೋಗುವುದಿಲ್ಲ, ಸದ್ದು ಹೋಗುತ್ತದೆ. ಕರಗಿಸಿದ ಚಾಕಲೇಟಿಗೂ ಇದೇ ಮಾತು. ಅಚ್ಚಿಗೆ ಹೊಯ್ದ ಮೇಲೆ ಅಲುಗಿಸಿ ಗುಳ್ಳೆ ಬಿಡಿಸುವುದು ಚಾಕಲೇಟ್ ತಯಾರಿಯ ಎಲ್ಲೆಡೆಯ ಪದ್ಧತಿ. ಕಣ್ಣು ಸೋಲುವಲ್ಲಿಯೇ ಸದ್ದಿನ ಅಳತೆಗೆ ಬೆಲೆ. ಒಂದು ಮಿತಿ ಇದೆ: ರಬ್ಬರ್ ಹೆಪ್ಪುಗಟ್ಟಲು ತೊಡಗಿದೊಡನೆ ಅದರ ಎಳೆತವೂ ಸ್ಪ್ರಿಂಗಿಗೆ ಸೇರಿಕೊಳ್ಳುತ್ತದೆ, 3.3 ಎಂಬ ಅಂಕಿ ಸುಳ್ಳಾಗುತ್ತದೆ.

ತಾವಾಗಿ ಹಾಡದ ಗುಳ್ಳೆಗಳನ್ನು ಹಾಡಿಸುವುದೇ ಸಕ್ರಿಯ ವಿಧಾನ. ಹೊರಗಿನಿಂದ ಸದ್ದು ಕಳಿಸಿ, ಸ್ವರವನ್ನು ಕೆಳಗಿಂದ ಮೇಲಕ್ಕೆ ಒಯ್ಯುತ್ತ, ಯಾವ ಸ್ವರ ದ್ರವದಲ್ಲಿ ಹೆಚ್ಚು ಕಳೆದುಹೋಗುತ್ತದೆ ಎಂದು ನೋಡುತ್ತಾರೆ. ತನ್ನ ಶ್ರುತಿಗೆ ಸರಿಹೊಂದಿದ ಸದ್ದನ್ನು ಗುಳ್ಳೆ ತನ್ನ ಮೈಗಾತ್ರಕ್ಕಿಂತ ಎಷ್ಟೋ ಪಾಲು ಅಗಲದಿಂದ ಹೀರಿ ಚೆದುರಿಸುತ್ತದೆ. ಇದೇ ಇಕ್ಕಟ್ಟಿಗೂ ಮೂಲ: ಶ್ರುತಿಗೆ ಸೇರಿದ ಪುಟ್ಟ ಗುಳ್ಳೆಯ ಪ್ರತಿಧ್ವನಿಯೂ ಶ್ರುತಿಗೆ ಸೇರದ ದೊಡ್ಡ ಗುಳ್ಳೆಯ ಪ್ರತಿಧ್ವನಿಯೂ ಒಂದೇ ಜೋರಿನಲ್ಲಿ ಬರಬಹುದು. ಪ್ರತಿಧ್ವನಿಯ ಜೋರನ್ನಷ್ಟೇ ನೋಡಿ ಗಾತ್ರ ಹೇಳುವ ಉಪಕರಣವನ್ನು ಅನುಮಾನದಿಂದಲೇ ನೋಡಬೇಕು. 1984ರಲ್ಲಿ ನ್ಯೂಹೌಸ್ ಮತ್ತು ಶಂಕರ್ ಇದಕ್ಕೆ ಜಾಣ ಪರಿಹಾರ ಕೊಟ್ಟರು. ಎರಡು ಸ್ವರ ಒಟ್ಟಿಗೆ ಕಳಿಸುವುದು, ಒಂದು ತಗ್ಗಿನದು, ಒಂದು ಬಹಳ ಎತ್ತರದ್ದು. 5 ಕಿಲೋಹರ್ಟ್ಸ್ ಮತ್ತು 1,000 ಕಿಲೋಹರ್ಟ್ಸ್ ಕಳಿಸಿದಾಗ 995 ಮತ್ತು 1,005ರ ಹೊಸ ಸ್ವರಗಳು ಎದ್ದು ಕಾಣುವಷ್ಟು ಬಲವಾಗಿ ಮರಳಿ ಬಂದರೆ, 5ಕ್ಕೆ ಶ್ರುತಿಗೂಡುವ ಗುಳ್ಳೆಯೊಂದು, ಅಂದರೆ 0.66 ಮಿ.ಮೀ. ತ್ರಿಜ್ಯದ್ದು, ಅಲ್ಲಿದೆ ಎಂದು ತಿಳಿಯಬಹುದು. ಬೇರೆ ಗಾತ್ರದವು ಈ ಬೆರಕೆಯನ್ನು ಅಷ್ಟು ಜೋರಾಗಿ ಹುಟ್ಟಿಸುವುದಿಲ್ಲ.

ವೈದ್ಯಕೀಯದಲ್ಲಿ ಇದೇ ಲೆಕ್ಕ ಮೈಕ್ರಾನುಗಳಿಗೆ ಇಳಿಯುತ್ತದೆ. ಅಲ್ಟ್ರಾಸೌಂಡ್ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಗುಳ್ಳೆಗಳು ಕೆಂಪು ರಕ್ತಕಣಕ್ಕಿಂತ ದೊಡ್ಡದಾಗಿರಬಾರದು. ಆ ಗಾತ್ರದ ಗುಳ್ಳೆಗಳ ಶ್ರುತಿ ಬೀಳುವುದು ಕೆಲವು ಮೆಗಾಹರ್ಟ್ಸ್‌ಗೆ, ಅಲ್ಟ್ರಾಸೌಂಡ್ ಯಂತ್ರಗಳು ಕೆಲಸ ಮಾಡುವ ವ್ಯಾಪ್ತಿಯೂ ಅದೇ. ಅಷ್ಟು ಸಣ್ಣದಾದಾಗ ಮೇಲ್ಮೈ ಸೆಳೆತ, ಗುಳ್ಳೆಯ ಕವಚ ಎಲ್ಲ ಲೆಕ್ಕಕ್ಕೆ ಬರುತ್ತವೆ.

ದಂಬೆಯ ನೀರಿಗೆ ಮರಳುತ್ತೇನೆ. ಅಲ್ಲಿ ಕೇಳುವ ಒಂಟಿ ಟಿಣ್‌ಗಳಿಂದ ಗುಳ್ಳೆಗಳ ತ್ರಿಜ್ಯವನ್ನು ಧೈರ್ಯವಾಗಿ ಬರೆಯಬಹುದು, ಆವೃತ್ತಿಯಲ್ಲಿ ಶೇ. 5 ತಪ್ಪಿದರೆ ತ್ರಿಜ್ಯದಲ್ಲೂ ಶೇ. 5 ತಪ್ಪುತ್ತದೆ, ಅಷ್ಟೆ. ತಳದ ದಪ್ಪ ಗುಳುಗುಳುವಿನಿಂದ ಹಾಗೆ ಬರೆಯಲಾಗದು. ಒತ್ತೊತ್ತಾಗಿ ಹುಟ್ಟಿದ ಗುಳ್ಳೆಗಳು ಒಂದನ್ನೊಂದು ತಳ್ಳುತ್ತ ಗುಂಪಾಗಿ ಮಿಡಿಯುತ್ತವೆ. ಗುಂಪಿನ ಸ್ವರ ಅದರೊಳಗಿನ ಯಾವ ಗುಳ್ಳೆಯ ಸ್ವರಕ್ಕಿಂತಲೂ ಕೆಳಗಿರುತ್ತದೆ. ಆ ಸ್ವರವನ್ನು 3.3ರ ಸೂತ್ರಕ್ಕೆ ಹಾಕಿದರೆ ತೊಟ್ಟಿಯಲ್ಲಿ ಇಲ್ಲದ ದೈತ್ಯ ಗುಳ್ಳೆಯೊಂದು ಕಾಗದದ ಮೇಲೆ ಹುಟ್ಟುತ್ತದೆ.

ಈ ಸೀಮೆಯಲ್ಲಿ ಇನ್ನೂ ದಂಬೆಯಲ್ಲಿ ನೀರು ಹರಿಸುವ ತೋಟವಿದ್ದವರಲ್ಲಿ ಒಂದು ಕೋರಿಕೆ. ಪೈಪು ಹಾಕುವ ಮುನ್ನ ನೀರು ಬೀಳುವ ಸದ್ದನ್ನು ಎರಡು ನಿಮಿಷ ಮೊಬೈಲಿನಲ್ಲಿ ದಾಖಲಿಸಿಡಿ. ಹಿನ್ನೆಲೆಯ ಗದ್ದಲ ಸೋಸುವ ಸೌಲಭ್ಯ ಮೊಬೈಲಿನಲ್ಲಿದ್ದರೆ ಆಫ್ ಮಾಡಿಬಿಡಿ. ಅದು ಗುಳ್ಳೆಯನ್ನೇ ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ. ದಾಖಲೆಯ ಜೊತೆಗೆ ನೀರು ಎಷ್ಟು ಎತ್ತರದಿಂದ ಬೀಳುತ್ತಿತ್ತು, ತೊಟ್ಟಿಯ ನೀರು ಎಷ್ಟು ಆಳವಿತ್ತು, ಗೋಡೆಯಿಂದ ಎಷ್ಟು ದೂರ, ಯಾವ ದಿನ ಎಂಬ ನಾಲ್ಕು ವಿವರ ಒಂದು ಚೀಟಿಯಲ್ಲಿ ಬರೆದಿಡಿ. ಇವಿಲ್ಲದ ಸದ್ದಿನಿಂದ ಗಾತ್ರ ಬರುವುದಿಲ್ಲ.